ಪೋರ್ಟ್ ಟಾಲ್ಬಟ್‌ನಿಂದ ಅಪ್ಪಾಜಿಗೆ

ಪೋರ್ಟ್ ಟಾಲ್ಬಟ್, ವೇಲ್ಸ್
ಏಪ್ರಿಲ್ 2026

ಪ್ರೀತಿಯ ಅಪ್ಪಾಜಿ, ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಅಪ್ಪಾಜಿ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತಿಳಿಯುವುದು ಬೇಡ.

ಇಲ್ಲೀಗ ಚುನಾವಣೆಯದೇ ಮಾತು. ವೇಲ್ಸ್‌ನ ಶಾಸನಸಭೆ ಸೆನೆದ್‌ಗೆ ಮೇ 7ರ ಗುರುವಾರ ಮತದಾನ. ಕಾಮನ್‌ವೆಲ್ತ್ ದೇಶದವಳಾದ್ದರಿಂದ ನಮ್ಮ ಪಾಸ್‌ಪೋರ್ಟ್ ಇಟ್ಟುಕೊಂಡೇ ನನಗೂ ಓಟಿದೆ. ಹದಿನಾರು ತುಂಬಿದ ಮಕ್ಕಳೂ ಹಾಕಬಹುದು. ಇಷ್ಟು ದಿನ 60 ಜನರಿದ್ದ ಸಭೆ ಈ ಸಲ 96ಕ್ಕೆ ಏರುತ್ತದೆ. ಒಟ್ಟು 16 ಕ್ಷೇತ್ರ, ಒಂದೊಂದರಿಂದ ಆರು ಜನ. ನಮ್ಮದು ಅವನ್ ಓಗೂರ್ ರೊಂಡಾ. ಓಟು ಪಕ್ಷದ ಪಟ್ಟಿಗೆ.

ಓಟು ಕೇಳಲು ಮನೆಗೆ ಬಂದವರನ್ನೆಲ್ಲ ನಾನು ಕೇಳಿದ್ದು ಒಂದೇ: ಉಕ್ಕಿನ ಕಾರ್ಖಾನೆಯಿಂದ ಹೊರಗೆ ಬಿದ್ದವರಿಗೆ ಏನು ಮಾಡುತ್ತೀರಿ? ಇಲ್ಲಿನ ಟಾಟಾ ಸ್ಟೀಲ್ ಕಾರ್ಖಾನೆಯಲ್ಲಿ ಅದಿರು ಕರಗಿಸುತ್ತಿದ್ದ ಕೊನೆಯ ಬ್ಲಾಸ್ಟ್ ಫರ್ನೇಸ್ 2024ರ ಸೆಪ್ಟೆಂಬರ್ 30ರಂದು ಆರಿತು. ಈಗ ಗುಜರಿ ಕಬ್ಬಿಣ ಕರಗಿಸುವ ಎಲೆಕ್ಟ್ರಿಕ್ ಆರ್ಕ್ ಫರ್ನೇಸ್ ಕಟ್ಟುತ್ತಿದ್ದಾರೆ. ಒಟ್ಟು 125 ಕೋಟಿ ಪೌಂಡ್ ಖರ್ಚಿನಲ್ಲಿ 50 ಕೋಟಿ ಲಂಡನ್ ಸರ್ಕಾರದ್ದು. ಆದರೆ ಇದಕ್ಕೆ ಮೊದಲಿನಷ್ಟು ಆಳು ಬೇಡ. 2023ರಲ್ಲಿ ನಮ್ಮ ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುತ್ತಾರೆ ಅಂದಾಗ ನೀವು ರಾತ್ರಿಯಿಡೀ ಜಗುಲಿಯಲ್ಲಿ ಕೂತಿದ್ದಿರಲ್ಲ, ನನಗೆ ಇಲ್ಲಿ ದಿನಾ ಅದೇ ಕಣ್ಣೆದುರು ಬರುತ್ತದೆ.

ರಿಫಾರ್ಮ್ ಪಕ್ಷದ ನಾಯಕ ನೈಜೆಲ್ ಫರಾಜ್ ಕಳೆದ ಜೂನ್‌ನಲ್ಲಿ ಈ ಊರಿಗೇ ಬಂದು, ಬ್ಲಾಸ್ಟ್ ಫರ್ನೇಸ್ ಮತ್ತೆ ತರಬೇಕೆಂದು ಹೇಳಿ ಹೋದರು. ಆರಿದ ಫರ್ನೇಸ್ ಒಲೆಯಲ್ಲ, ಬೆಂಕಿಕಡ್ಡಿ ಗೀರಿದರೆ ಹತ್ತಿಕೊಳ್ಳಲು. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಂಥ ದೊಡ್ಡ ಹಣವೂ ಲಂಡನ್ನಿನ ಕೈಯಲ್ಲೇ ಇರುವುದು. ಸೆನೆದ್ ಕೈಯಲ್ಲಿರುವುದು ಆಸ್ಪತ್ರೆ, ಶಾಲೆ, ಬಸ್ಸು, ಮನೆ, ಕೆಲಸ ಕಲಿಸುವ ಕಾಲೇಜು. ವೇಲ್ಸ್‌ನದೇ ಪಕ್ಷವಾದ ಪ್ಲೈಡ್ ಕಮ್ರಿಯವರು ಒಂಬತ್ತು ತಿಂಗಳ ಕೂಸಿನಿಂದ ಹಿಡಿದು ನಾಲ್ಕು ವರ್ಷದವರೆಗಿನ ಮಕ್ಕಳನ್ನು ವಾರಕ್ಕೆ ಕನಿಷ್ಠ 20 ಗಂಟೆ ಪುಕ್ಕಟೆ ನೋಡಿಕೊಳ್ಳುವ ಭರವಸೆ ಕೊಟ್ಟಿದ್ದಾರೆ. ಲೇಬರ್‌ನವರು ಬಸ್ ಟಿಕೆಟ್ಟು ಎರಡು ಪೌಂಡ್ ದಾಟದಂತೆ ಮಾಡುತ್ತೇವೆ ಅನ್ನುತ್ತಾರೆ. ಕನ್ಸರ್ವೇಟಿವ್‌ನವರದು ಊರೊಳಗಿನ ರಸ್ತೆಗಳ ಗಂಟೆಗೆ 20 ಮೈಲಿ ವೇಗಮಿತಿ ತೆಗೆಯುವ ಮಾತು. ಬಸ್ಸಿನ ಮಾತು ನನಗೆ ಹಿಡಿಸಿತು. ಕಣಿವೆಯ ಊರುಗಳಿಂದ ನಮ್ಮ ಆಸ್ಪತ್ರೆಯ ವಾರ್ಡಿಗೆ ಬರುವವರಿಗೆ ಬಸ್ಸೇ ದಿಕ್ಕು. ಆಪರೇಷನ್ನಿಗೆ ಕಾದು ಕಾದು ಸೋತವರನ್ನು ದಿನಾ ನೋಡುವ ನನಗೆ, ಆಸ್ಪತ್ರೆಯ ಬಗ್ಗೆ ಯಾರು ಲೆಕ್ಕವಿಟ್ಟು ಮಾತಾಡುತ್ತಾರೋ ಅವರ ಕಡೆಗೇ ಮನಸ್ಸು ಎಳೆಯುತ್ತದೆ.

ಮೊನ್ನೆ ಮಳೆಯಲ್ಲಿ ನೆನೆಯುತ್ತಾ ಬಂದ ಅಭ್ಯರ್ಥಿಯೊಬ್ಬರು ಒಂದು ಬದಿ ವೆಲ್ಷ್, ಇನ್ನೊಂದು ಬದಿ ಇಂಗ್ಲಿಷ್ ಇದ್ದ ಕರಪತ್ರ ಕೊಟ್ಟರು. "ಉಕ್ಕಿನ ವಿಷಯದಲ್ಲಿ ನಾನು ಸುಳ್ಳು ಭರವಸೆ ಕೊಡಲಾರೆ, ಹೊಸ ಕೆಲಸ ಕಲಿಸುವುದಕ್ಕೆ ಮಾತ್ರ ಹೋರಾಡಬಲ್ಲೆ" ಅಂದರು. ಕೇಳಿದವರಲ್ಲಿ ನೇರವಾಗಿ ಉತ್ತರ ಕೊಟ್ಟವರು ಅವರೊಬ್ಬರೇ.

ಪಕ್ಕದ ಮನೆಯವರು ಮೂವತ್ತು ವರ್ಷ ಫರ್ನೇಸ್‌ನಲ್ಲಿ ದುಡಿದವರು. ಅವರ ಬೂಟು ಇನ್ನೂ ಬಾಗಿಲ ಬಳಿಯೇ ಇದೆ, ತುದಿ ಸುಟ್ಟು ಕಪ್ಪಾಗಿದೆ. ನಮ್ಮಪ್ಪನೂ ಭದ್ರಾವತಿಯಲ್ಲಿ ಕಬ್ಬಿಣ ಕರಗಿಸಿದವರು ಅಂದದ್ದೇ ತಡ, ಒಳಗೆ ಕರೆದು ಚಹಾ ಕೊಟ್ಟರು. ನಿಮ್ಮಲ್ಲಿ ದಿನಕ್ಕೆ ಎಷ್ಟು ಸಲ ಕಬ್ಬಿಣ ಹೊರಗೆ ಹರಿಸುತ್ತಿದ್ದಿರಿ ಎಂದು ಕೇಳಿದ್ದಾರೆ. ನನಗೆ ಹೇಳಲು ಬರಲಿಲ್ಲ. ಬರೆದು ಕಳಿಸಿ ಅಪ್ಪಾಜಿ. ನೀವು ಹೆಲ್ಮೆಟ್ ಹಾಕಿಕೊಂಡು ನಿಂತಿರುವ ಹಳೇ ಫೋಟೋವನ್ನೂ ಅಮ್ಮನ ಮೊಬೈಲಿನಿಂದ ಕಳಿಸಿ, ಅವರಿಗೆ ತೋರಿಸಬೇಕು.

ನಿಮ್ಮ ಮಗಳು