ಮಕ್ಕಳ ಡೈನೋಸಾರ್ ಕಾರ್ಟೂನಿನ ಮಾಹಿತಿ ಭಾಗದಲ್ಲಿನ ತಪ್ಪುಗಳ ಬಗ್ಗೆ ದೂರು

ಇವರಿಂದ:
ಶಿಶುವಿಹಾರ ಶಿಕ್ಷಕಿಯರು ಮತ್ತು ಪೋಷಕರು, ಹಾಸನ

ಇವರಿಗೆ:
ಕುಂದುಕೊರತೆ ಅಧಿಕಾರಿಗಳು, ಮಕ್ಕಳ ವಾಹಿನಿ, ಬೆಂಗಳೂರು

ವಿಷಯ: ಕನ್ನಡ ಡಬ್ಬಿಂಗಿನಲ್ಲಿ ಅರ್ಥವೇ ತಿರುವುಮುರುವಾಗಿರುವ ಬಗ್ಗೆ, ಮತ್ತು ಅದನ್ನು ಸರಿಪಡಿಸುವ ಬಗ್ಗೆ.

ಮಾನ್ಯರೇ,

ಮೂರರಿಂದ ಐದು ವರ್ಷದ ಮಕ್ಕಳಿಗೆಂದು ನೀವು ಬೆಳಿಗ್ಗೆ ಹಾಕುವ ಡೈನೋಸಾರ್ ಕಾರ್ಟೂನಿನ ಕಥೆಯ ಬಗ್ಗೆ ನಮ್ಮ ತಕರಾರಿಲ್ಲ. ಡೈನೋಸಾರ್ ಮಾತಾಡಲಿ, ಟೋಪಿ ಹಾಕಿಕೊಳ್ಳಲಿ, ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಲಿ. ಅದು ಆಟ ಅಂತ ನಾಲ್ಕು ವರ್ಷದ ಮಗುವಿಗೂ ಗೊತ್ತು. ತಕರಾರು ಇರುವುದು ಕಥೆ ಮುಗಿದ ಮೇಲೆ ಟೀಚರ್ ದನಿಯಲ್ಲಿ "ಇದು ನಿಜ, ಮಕ್ಕಳೇ" ಎಂದು ಶುರುವಾಗುವ ಮಾಹಿತಿ ಭಾಗದ ಬಗ್ಗೆ. ನಿಜ ಅಂದಮೇಲೆ ನಿಜವನ್ನೇ ಹೇಳಬೇಕಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಹಾರುವ ಟೆರನೊಡಾನ್ ಬಗೆಗಿನ ಕಂತು. ರಿಮೋಟಿನಲ್ಲಿ ಭಾಷೆ ಬದಲಿಸಿ ಇಂಗ್ಲಿಷ್ ಕೇಳಿದರೆ ಅದು ಡೈನೋಸಾರ್ ಅಲ್ಲವೆಂದು ಸರಿಯಾಗಿಯೇ ಇದೆ. ಕನ್ನಡದಲ್ಲಿ "ಟೆರನೊಡಾನ್ ಡೈನೋಸಾರ್ ಅ..." ಅನ್ನುವಷ್ಟರಲ್ಲಿ ಢಣ್ ಅಂತ ಸಂಗೀತ. ಮಗುವಿನ ಕಿವಿಗೆ ಬೀಳುವುದು ಟೆರನೊಡಾನ್ ಡೈನೋಸಾರ್ ಅಂತಲೇ. ಉದ್ದ ಕತ್ತಿನ ಸಸ್ಯಾಹಾರಿಗಳ ಕಂತಿನಲ್ಲೂ ಇದೇ ಪಾಡು: "ಮಾಂಸ ತಿನ್ನುತ್ತಿರ" ಎಂಬಲ್ಲಿಗೆ ದನಿ ಕಟ್. ಮುಂದಿನ "ಲಿಲ್ಲ" ಯಾರಿಗೂ ಕೇಳಿಸುವುದಿಲ್ಲ.

ಹೀಗಾಗಲು ಕಾರಣ ಡಬ್ಬಿಂಗ್ ಟೇಬಲ್ಲಿನಲ್ಲೇ ಇದೆ. ಇಂಗ್ಲಿಷಿನಲ್ಲಿ "ಅಲ್ಲ", "ಇಲ್ಲ" ಅನ್ನುವ ಮಾತು ವಾಕ್ಯದ ನಡುವೆ ಬರುತ್ತದೆ, ಕನ್ನಡದಲ್ಲಿ ಬಾಲದಲ್ಲಿ. ಅಷ್ಟೇ ಸೆಕೆಂಡಿನ ಜಾಗಕ್ಕೆ ಉದ್ದದ ಗ್ರಾಂಥಿಕ ವಾಕ್ಯ ತುರುಕುತ್ತೀರಿ. ಕಲಾವಿದರು ಉಸಿರು ಬಿಡದೆ ಓದಿದರೂ ಮುಗಿಯುವುದಿಲ್ಲ, ಎಡಿಟರ್ ಬಾಲ ಕತ್ತರಿಸುತ್ತಾರೆ. ಮೂಲದಿಂದ ಬಂದ ಸಂಗೀತದ ಟ್ರ್ಯಾಕ್ ಇಂಗ್ಲಿಷ್ ಮಾತು ಮುಗಿದ ಕ್ಷಣಕ್ಕೆ ಮೇಲೇಳುವಂತೆ ಮಿಕ್ಸ್ ಆಗಿರುತ್ತದೆ. ಅದನ್ನು ತಗ್ಗಿಸದೆ ಹಾಗೇ ಕೂರಿಸಿದ್ದರಿಂದ ಉಳಿದ ಅರ್ಧ ಅಕ್ಷರವೂ ಮುಳುಗಿದೆ.

ಕಥೆಯ ಭಾಗದಲ್ಲಾದರೆ ತುಟಿ ಚಲನೆಗೆ ಮಾತು ಹೊಂದಿಸಬೇಕು, ಒಪ್ಪೋಣ. ಮಾಹಿತಿ ಭಾಗದಲ್ಲಿ ಮಾತಾಡುವವರ ಮುಖವೇ ತೆರೆ ಮೇಲಿಲ್ಲ! ಕೊನೆಯ ಚಿತ್ರವನ್ನು ಒಂದು ಸೆಕೆಂಡ್ ಹೆಚ್ಚು ನಿಲ್ಲಿಸಿದರೆ ವಾಕ್ಯ ಪೂರ್ತಿ ಹಿಡಿಯುತ್ತದೆ. ವಾಕ್ಯವನ್ನೂ ಒಡೆಯಿರಿ: "ಇದು ಡೈನೋಸಾರ್ ಅಲ್ಲ. ಹಾರುವ ಬೇರೆ ಪ್ರಾಣಿ." ಮಾತಿರುವಷ್ಟು ಹೊತ್ತು ಸಂಗೀತ ಕೆಳಗಿರಲಿ, ಮಾತು ಮುಗಿದು ಅರ್ಧ ಸೆಕೆಂಡ್ ಆದಮೇಲೆ ಏರಲಿ. ಹೊಸ ಅನಿಮೇಷನ್ ಬೇಕಿಲ್ಲ.

ಇನ್ನು ಡಬ್ಬಿಂಗಿಗೆ ಸಂಬಂಧವಿಲ್ಲದ, ಮೂಲದಲ್ಲೇ ಇರುವ ತಪ್ಪುಗಳು. ಅದೇ ಟೆರನೊಡಾನ್ ಕೊಕ್ಕಿನ ತುಂಬ ಹಲ್ಲು ಬರೆದಿದ್ದೀರಿ, ಅದಕ್ಕೆ ಹಲ್ಲೇ ಇರಲಿಲ್ಲ. ಸ್ಟೆಗೊಸಾರಸ್ ಮತ್ತು ಟೈರನೊಸಾರಸ್ "ಒಂದೇ ಕಾಡಿನ ಅಕ್ಕಪಕ್ಕದವರು" ಅನ್ನುತ್ತೀರಿ. ಮೊದಲನೆಯದು ಸುಮಾರು 15 ಕೋಟಿ ವರ್ಷದ ಹಿಂದಿನದು, ಎರಡನೆಯದು ಬದುಕಿದ್ದು 6.8ರಿಂದ 6.6 ಕೋಟಿ ವರ್ಷದ ಹಿಂದೆ. ಟೈರನೊಸಾರಸ್‌ಗೂ ನಮಗೂ ಇರುವ ಅಂತರಕ್ಕಿಂತ ಅವೆರಡರ ನಡುವಿನ ಅಂತರವೇ ದೊಡ್ಡದು. ಟೈರನೊಸಾರಸ್ ಕೈಗೆ ಮೂರು ಬೆರಳು, ಅಂಗೈ ನೆಲಕ್ಕೆ ತಿರುಗಿಸಿ ಹಾರ್ಮೋನಿಯಂ ಬಾರಿಸುವವರ ಹಾಗೆ ನಿಲ್ಲಿಸಿದ್ದೀರಿ. ಇರಬೇಕಾದದ್ದು ಎರಡೇ ಬೆರಳು, ಅಂಗೈಗಳು ಎದುರುಬದುರು. ವೆಲೊಸಿರ್‍ಯಾಪ್ಟರ್ ಅಂತೂ ಆಳೆತ್ತರ, ಬೋಳು ಮೈ. ನಿಜಕ್ಕೆ ಮೂತಿಯಿಂದ ಬಾಲದ ತುದಿಯವರೆಗೆ 2 ಮೀಟರ್, ತೂಕ 15–20 ಕೆ.ಜಿ. ಮುಂಗೈ ಮೂಳೆಯ ಮೇಲೆ ಗರಿ ಕೂತಿದ್ದ ಜಾಗದ ಉಬ್ಬುಗಳು ಸಿಕ್ಕ ವಿಷಯ 2007ರಲ್ಲೇ ಪ್ರಕಟವಾಗಿದೆ.

ಹಿನ್ನೆಲೆಯ ಹುಲ್ಲುಹಾಸಿನ ಬಗ್ಗೆಯೂ ಒಂದು ಮಾತು. ಸ್ಟೆಗೊಸಾರಸ್ ಕಾಲದಲ್ಲಿ ಹುಲ್ಲುಗಾವಲು ಇರಲಿಲ್ಲ. ಸಕಲೇಶಪುರದ ಕಡೆ ಹಳ್ಳದ ದಂಡೆಯಲ್ಲಿ ಬೆಳೆಯುವ ಮರದಂಥ ಜರೀಗಿಡಗಳನ್ನು ನೋಡಿ ಬರೆದರೂ ಆ ಕಾಲಕ್ಕೆ ಹತ್ತಿರವಾದೀತು. (ಡೈನೋಸಾರ್ ಯುಗದ ಕೊನೆಗೆ ನಮ್ಮ ದೇಶದಲ್ಲಿ ಹುಲ್ಲು ಇತ್ತು. ಮಹಾರಾಷ್ಟ್ರದ ಪಿಸ್ದುರಾದಲ್ಲಿ ಸಿಕ್ಕ ಕಲ್ಲಾದ ಲದ್ದಿಯಲ್ಲಿ ಹುಲ್ಲಿನ ಕಣಗಳಿದ್ದುದು 2005ರಲ್ಲಿ ವರದಿಯಾಯಿತು. ಇಂಥ ಸಂಗತಿ ಹೇಳಿದ್ದರೆ ಮಕ್ಕಳು ನಕ್ಕು ನಕ್ಕು ನೆನಪಿಟ್ಟುಕೊಳ್ಳುತ್ತಿದ್ದರು.)

ಸ್ಥಳೀಯತೆ ತರಲು ಹೋಗಿ ಮಾಡಿಕೊಂಡ ಎಡವಟ್ಟು ಇನ್ನೊಂದು. ಮೂಲದಲ್ಲಿದ್ದ ವಿದೇಶಿ ಊರನ್ನು ತೆಗೆದು "ನಮ್ಮ ಚಿಕ್ಕಮಗಳೂರಿನ ಬೆಟ್ಟದಲ್ಲಿ ಮೂಳೆ ಸಿಕ್ಕಿತು" ಎಂದು ಸೇರಿಸಿದ್ದೀರಿ. ಬಾಬಾಬುಡನ್ ಗಿರಿಸಾಲಿನ ಅದಿರಿನ ಪದರಗಳು 250 ಕೋಟಿ ವರ್ಷಕ್ಕೂ ಹಳೆಯವು, ನಮ್ಮ ಹಾಸನದ ಗೊರೂರು ಸುತ್ತಿನ ನೈಸ್ (gneiss) ಎಂಬ ಪಟ್ಟೆಪಟ್ಟೆ ಬಂಡೆ 300 ಕೋಟಿ ವರ್ಷ ದಾಟಿದೆ. ಡೈನೋಸಾರ್ ಹುಟ್ಟಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಅಷ್ಟು ಹಳೆಯ ಬಂಡೆಯಲ್ಲಿ ಅದರ ಮೂಳೆ ಎಲ್ಲಿಂದ ಬರಬೇಕು? ನಮ್ಮ ದೇಶದ ಡೈನೋಸಾರೇ ಬೇಕಿದ್ದರೆ ನರ್ಮದಾ ಕಣಿವೆಯ ರಾಜಾಸಾರಸ್ ಇದೆ, 2003ರಲ್ಲಿ ಹೆಸರಿಟ್ಟದ್ದು. ತೆಲಂಗಾಣದಲ್ಲಿ ಸಿಕ್ಕ ಬಾರಾಪಾಸಾರಸ್ ಅಸ್ಥಿಪಂಜರ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ನಿಂತಿದೆ. ಅವನ್ನು ತೋರಿಸಿ.

ಅನಿಮೇಷನ್ ಅಗ್ಗದ್ದು ಅನ್ನುವುದನ್ನು ದೊಡ್ಡದು ಮಾಡುವುದಿಲ್ಲ. ಆದರೂ ಮರಿ ಡೈನೋಸಾರ್ ಹೊಳೆ ದಾಟುವ ದೃಶ್ಯವನ್ನು ನೀವೇ ಒಮ್ಮೆ ನೋಡಿ. ಊರಿದ ಪಾದ ಊರಿದಲ್ಲಿ ನಿಲ್ಲದೆ ಜಾರುತ್ತದೆ, ಅಂದರೆ ಹೆಜ್ಜೆಯ ಉದ್ದಕ್ಕೂ ಮೈ ಮುಂದೆ ಸಾಗುವ ವೇಗಕ್ಕೂ ತಾಳವಿಲ್ಲ. ಕಾಲಡಿ ನೆರಳೂ ಇಲ್ಲ, ನೀರು ಚಿಮ್ಮುವುದೂ ಇಲ್ಲ. ಮುಂದಿನ ಸರಣಿ ಕೊಳ್ಳುವಾಗ ಒಂದು ನಡಿಗೆಯ ದೃಶ್ಯ ತರಿಸಿ ಇಷ್ಟು ಪರೀಕ್ಷಿಸಿದರೆ ಸಾಕು.

2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ತೆರೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನೀವು ನಾಲ್ಕು ಕಂತನ್ನು ಒಂದರ ಬಾಲಕ್ಕೊಂದು ಕಟ್ಟಿ ಓಡಿಸುತ್ತೀರಿ, ನಡುವಿನ ಬಿಸ್ಕತ್ತಿನ ಜಾಹೀರಾತಿಗೆ ಮಗು ಬೆಚ್ಚುವಷ್ಟು ಸದ್ದು. ಜಾಹೀರಾತಿನ ಸದ್ದು ಅತಿಯಾಗಿರಬಾರದೆಂದು 1994ರ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ನಿಯಮಗಳಲ್ಲೇ ಇದೆ.

ನಾವು ಕೇಳುವುದು ಇಷ್ಟು. ಬಾಲ ಕತ್ತರಿಸಿದ ವಾಕ್ಯಗಳನ್ನು ಮತ್ತೆ ರೆಕಾರ್ಡ್ ಮಾಡಿ. ಮಾಹಿತಿ ಭಾಗದ ಕನ್ನಡ ಸ್ಕ್ರಿಪ್ಟನ್ನು ಪ್ರಸಾರಕ್ಕೆ ಮುಂಚೆ ಭೂವಿಜ್ಞಾನ ಓದಿದ ಒಬ್ಬರಿಗೆ ತೋರಿಸಿ, ಮಿಕ್ಸ್ ಆದ ಮೇಲೆ ಚಿತ್ರ ನೋಡದೆ ಬರೀ ಕಿವಿಯಲ್ಲಿ ಒಮ್ಮೆ ಕೇಳಿಸಿ. ಚಿಕ್ಕಮಗಳೂರಿನ ಸಾಲನ್ನು ತಕ್ಷಣ ತೆಗೆಯಿರಿ. ಇದೆಲ್ಲ ಆಗುವವರೆಗೆ ಮಾಹಿತಿ ಭಾಗ ಬಿಟ್ಟು ಕಥೆಯನ್ನಷ್ಟೇ ಹಾಕಿ.

ಅದೇ ಕೇಬಲ್ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ದೂರಿಗೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ ಕೊಡಬೇಕು. ಉತ್ತರ ಬಾರದಿದ್ದರೆ ನೀವು ಸದಸ್ಯರಾಗಿರುವ ಸ್ವನಿಯಂತ್ರಣ ಸಂಸ್ಥೆಗೆ ಇದೇ ಪತ್ರ ಹೋಗುತ್ತದೆ. ಕಂತುಗಳ ಸಂಖ್ಯೆ ಮತ್ತು ತಪ್ಪು ಬರುವ ನಿಮಿಷ-ಸೆಕೆಂಡಿನ ಪಟ್ಟಿಯನ್ನು ಲಗತ್ತಿಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಶಿಕ್ಷಕಿಯರು ಮತ್ತು ಪೋಷಕರು
ಸ್ಥಳ: ಹಾಸನ