ಹಣ ಕೊಡಿ, ಆದರೆ ಮಕ್ಕಳು ಹೊರಡುವ ಮುಂಚೆ ಕೊಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಹೋದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಬೇಸಿಗೆಯ ಗಣಿತ ಶಿಬಿರಕ್ಕೆ ಆಯ್ಕೆಯಾದಳು. ಆರು ವಾರದ ಶಿಬಿರ, ಅದೂ ಬೇರೆ ದೇಶದಲ್ಲಿ. ಅರ್ಜಿಯ ಜೊತೆ ಕೊಟ್ಟಿದ್ದ ಲೆಕ್ಕಗಳನ್ನು ಅವಳು ಮೂರು ವಾರ ಕೂತು ಬಿಡಿಸಿದ್ದಳು. ಅದರಲ್ಲಿ ಎರಡು ನನಗೇ ಬಂದಿರಲಿಲ್ಲ, ಸುಳ್ಳು ಹೇಳಲ್ಲ. ಆಯ್ಕೆ ಪತ್ರ ಬಂದ ದಿನ ಸ್ಟಾಫ್ ರೂಮಿನಲ್ಲಿ ಗದ್ದಲವೋ ಗದ್ದಲ. ಎರಡನೇ ಪುಟ ತಿರುಗಿಸಿದ ಮೇಲೆ ಎಲ್ಲರೂ ಸುಮ್ಮನಾದೆವು. ಹದಿನಾಲ್ಕು ದಿನದೊಳಗೆ ಮುಂಗಡ ಕಟ್ಟಬೇಕು. ಇಲ್ಲದಿದ್ದರೆ ಸೀಟು ಮುಂದಿನವರಿಗೆ.

ಇಂಥದ್ದಕ್ಕೆ ನಿಮ್ಮ ಇಲಾಖೆಯಲ್ಲಿ ಸಹಾಯಧನ ಇದೆ. ಇಲ್ಲ ಅಂತ ನಾನು ದೂರುತ್ತಿಲ್ಲ. ಆದರೆ ಅದರ ನಿಯಮ ಒಮ್ಮೆ ಓದಿ ನೋಡಿ. ಮೊದಲು ಹೋಗಿ ಬರಬೇಕು. ಟಿಕೆಟ್, ಬಿಲ್ಲು, ಹಾಜರಾತಿ ಪತ್ರ ಎಲ್ಲ ಲಗತ್ತಿಸಬೇಕು. ಆಮೇಲೆ ಮಂಜೂರಾತಿ. ಅಂದರೆ ಕೈಯಲ್ಲಿ ದುಡ್ಡಿದ್ದವರಿಗೆ ದುಡ್ಡು ವಾಪಸ್ ಸಿಗುತ್ತದೆ. ಇಲ್ಲದವರಿಗೆ ಅರ್ಜಿ ನಮೂನೆ ಸಿಗುತ್ತದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತಾರಲ್ಲ, ಹಾಗಾಯಿತು ಇದು.

ಹಾಗಾಗಿ ಅವಳು ಒಂದು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹಣ ಕೇಳಲು ಹೊರಟಳು. ಸ್ಕೇಲ್ ಇಟ್ಟು ಪುಟಕ್ಕೆ ಮೂರು ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದಳು. ಹೆಸರು, ತಾರೀಕು, ಮೊತ್ತ, ಕೊನೆಗೆ 'ಏನಂದರು'. ಆ ಕೊನೆಯ ಕಾಲಂ ನೀವು ಓದಬೇಕಿತ್ತು. 'ನೋಡೋಣ ಅಂದರು.' 'ಶುಕ್ರವಾರ ಬಾ ಅಂದರು.' 'ಹುಡುಗೀನ ಅಷ್ಟು ದೂರ ಯಾಕೆ ಕಳಿಸ್ತಾರೆ ಅಂದರು, ಆಮೇಲೆ ಕೊಟ್ಟರು.' ಒಂದು ಪುಟದಲ್ಲಿ ಒಂದೇ ಹೆಸರು ನಾಲ್ಕು ಸಲ ಇದೆ. ತಾರೀಕು ಬೇರೆ ಬೇರೆ. ಮೊತ್ತದ ಜಾಗ ನಾಲ್ಕೂ ಸಲ ಖಾಲಿ. ಯಾರ ಹೆಸರು ಅಂತ ಬರೆಯುವುದಿಲ್ಲ ಬಿಡಿ. ಮುಂಚೆಯೇ ಓದಿಕೊಂಡು ಬನ್ನಿ ಅಂತ ಶಿಬಿರದವರು ಸಂಖ್ಯಾಶಾಸ್ತ್ರದ ಪಾಠ ಕಳಿಸಿದ್ದರು. ಆ ಎರಡು ವಾರ ಅವಳು ಅದನ್ನು ತೆರೆಯಲೇ ಇಲ್ಲ. ದುಡ್ಡಿನ ಲೆಕ್ಕಕ್ಕೇ ಹೊತ್ತು ಸಾಲುತ್ತಿರಲಿಲ್ಲ.

ಆನ್‌ಲೈನ್‌ನಲ್ಲಿ ಜನರನ್ನೇ ಕೇಳಬಹುದಿತ್ತಲ್ಲ ಅಂತೀರೇನೋ. ಕೇಳಿದೆವು. ಅದರ ಒಳಗುಟ್ಟು ಆಮೇಲೆ ತಿಳಿಯಿತು. ಅಲ್ಲಿ ಮೊದಮೊದಲು ಬರುವ ಹಣ ಪರಿಚಯದವರದ್ದೇ. ಪರಿಚಯದವರು ಅನುಕೂಲಸ್ಥರಾಗಿದ್ದರೆ ಬೇಗ ತುಂಬುತ್ತದೆ. ಅವಳ ಪರಿಚಯದವರೆಲ್ಲ ಅವಳ ಹಾಗೇ ಇರುವವರು. ಬಂದದ್ದರಲ್ಲೂ ಪಾವತಿ ಶುಲ್ಕ ಅಂತ ಒಂದಿಷ್ಟು ಕಡಿತ. ಉಳಿದದ್ದು ಖಾತೆಗೆ ಬೀಳಲು ಮತ್ತೆ ಕೆಲವು ದಿನ. ಇದೆಲ್ಲ ಇರಲಿ, ಫೋಟೊ ಹಾಕುವಾಗ ಯಾರೋ ಅವಳಿಗೆ ಹೇಳಿದರು: "ನಗುತ್ತಿರುವ ಫೋಟೊ ಬೇಡಮ್ಮ, ಜನಕ್ಕೆ ಪಾಪ ಅನ್ನಿಸಬೇಕು." ಅವಳು ನಗುತ್ತಿರುವುದನ್ನೇ ಹಾಕಿದಳು. ಅದರಿಂದ ಹಣ ಕಡಿಮೆ ಬಂತೋ ಏನೋ, ನನಗಂತೂ ಹೆಮ್ಮೆಯಾಯಿತು.

ಮಕ್ಕಳು ಹೀಗೆ ಮನೆ ಮನೆ ತಿರುಗಲೇಬೇಕು ಅಂತೇನಿಲ್ಲ ಸಚಿವರೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆಯುವ 'ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್' 1984ರಲ್ಲಿ ಶುರುವಾದದ್ದು. ಆಯ್ಕೆಯಾದ ಹೈಸ್ಕೂಲು ಮಕ್ಕಳಿಗೆ ಅಲ್ಲಿ ಪಾಠ, ವಸತಿ, ಊಟ ಎಲ್ಲ ಉಚಿತ. ಜಿನೀವಾದ ಭೌತವಿಜ್ಞಾನ ಸಂಶೋಧನಾ ಕೇಂದ್ರ ಸರ್ನ್ ತನ್ನ ಬೇಸಿಗೆ ಕಾರ್ಯಕ್ರಮಕ್ಕೆ ಬರುವ ಕಾಲೇಜು ವಿದ್ಯಾರ್ಥಿಗಳಿಗೆ ದಿನಭತ್ಯೆಯನ್ನೇ ಕೊಡುತ್ತದೆ. 1959ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ 'ಸಮ್ಮರ್ ಸೈನ್ಸ್ ಪ್ರೋಗ್ರಾಂ'ನಲ್ಲಿ ಮಕ್ಕಳು ತಾವೇ ದೂರದರ್ಶಕದಲ್ಲಿ ನೋಡಿ ಕ್ಷುದ್ರಗ್ರಹದ ಕಕ್ಷೆ ಲೆಕ್ಕ ಹಾಕುತ್ತಾರೆ. ಅಲ್ಲಿ ಕಲಿತ ಹುಡುಗರಲ್ಲಿ ಒಬ್ಬರು ಫ್ರಾಂಕ್ಲಿನ್ ಆಂಟೋನಿಯೊ. ಮುಂದೆ ಮೊಬೈಲ್ ಚಿಪ್ ಮಾಡುವ ಕ್ವಾಲ್‌ಕಾಮ್ ಕಂಪನಿ ಕಟ್ಟಿದವರಲ್ಲಿ ಒಬ್ಬರಾದರು. 2022ರಲ್ಲಿ ತೀರಿಕೊಂಡಾಗ ಆ ಶಿಬಿರಕ್ಕೆ 20 ಕೋಟಿ ಡಾಲರ್ ಬರೆದಿಟ್ಟಿದ್ದರು. ನೀವು ಅಷ್ಟು ಕೊಡಿ ಅಂತ ನಾನು ಕೇಳುತ್ತಿಲ್ಲ, ಗಾಬರಿಯಾಗಬೇಡಿ.

ಶಿಬಿರ ಉಚಿತವಾದರೂ ಪಾಸ್‌ಪೋರ್ಟ್, ವೀಸಾ, ವಿಮೆ, ವಿಮಾನದ ಟಿಕೆಟ್ ಉಚಿತವಲ್ಲ. ವೀಸಾ ಕೊಡುವವರು ಖರ್ಚಿಗೆ ಹಣ ಎಲ್ಲಿದೆ ತೋರಿಸಿ ಅಂತಾರೆ. 'ಈ ವಿದ್ಯಾರ್ಥಿಗೆ ಇಷ್ಟು ಮಂಜೂರಾಗಿದೆ' ಅಂತ ನಿಮ್ಮ ಕಚೇರಿಯ ಒಂದು ಹಾಳೆ ಕೈಯಲ್ಲಿದ್ದರೆ ಎಷ್ಟೋ ಅನುಕೂಲ.

ನನ್ನ ಬೇಡಿಕೆ ಇಷ್ಟೇ. ಆಯ್ಕೆ ಪತ್ರ ತಂದು ತೋರಿಸಿದ ಹತ್ತು ದಿನದೊಳಗೆ ಹೌದು ಅಥವಾ ಇಲ್ಲ ಅನ್ನಿ. ಹೌದು ಅಂದರೆ ಹಣವನ್ನು ಆಗಲೇ ಬಿಡುಗಡೆ ಮಾಡಿ. ಮೋಸವಾಗುತ್ತದೆ ಅನ್ನುವ ಭಯ ಇದ್ದರೆ ಮಕ್ಕಳ ಕೈಗೆ ಕೊಡಬೇಡಿ, ಶಿಬಿರದವರ ಖಾತೆಗೇ ನೇರ ಕಟ್ಟಿ. ಟಿಕೆಟ್ಟನ್ನು ನೀವೇ ಮಾಡಿಸಿ. ಬಿಲ್ಲು ಬೇಕೇ ಬೇಕು ಅಂದರೆ ಬಂದ ಮೇಲೆ ಕೇಳಿ, ಕೊಡುತ್ತೇವೆ.

ಮೋಸದ ಮಾತು ಬಂದದ್ದಕ್ಕೆ ಇನ್ನೊಂದು. ಹಳದಿ ಮುದ್ರೆ ಒತ್ತಿದ ದಪ್ಪ ಕಾಗದದಲ್ಲಿ 'ನಿಮ್ಮ ಮಗು ನಾಮನಿರ್ದೇಶನಗೊಂಡಿದೆ' ಅಂತ ಪತ್ರಗಳು ಬರುತ್ತವೆ. ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ಶುಲ್ಕ ಮಾತ್ರ ಜಾಸ್ತಿ. ಕೆಲವು ಕಂಪನಿಗಳು ದೊಡ್ಡ ವಿಶ್ವವಿದ್ಯಾಲಯದ ಕಟ್ಟಡ ಬಾಡಿಗೆಗೆ ಹಿಡಿದು ಅದರ ಹೆಸರಿನ ಮೆರುಗಿನಲ್ಲಿ ವ್ಯಾಪಾರ ಮಾಡುತ್ತವೆ. ವಿಶ್ವವಿದ್ಯಾಲಯಕ್ಕೇ ಒಂದು ಮೇಲ್ ಬರೆದು ಕೇಳಿದರೆ ನಿಜ ಗೊತ್ತಾಗುತ್ತದೆ. ಸಾಲ ಮಾಡುವ ತಂದೆತಾಯಿಗೆ ಇದನ್ನು ಹೇಳುವವರು ಯಾರು? ನಿಮ್ಮ ಇಲಾಖೆ ಶಾಲೆಗಳಿಗೆ ಒಂದು ಸುತ್ತೋಲೆ ಕಳಿಸಬಹುದಲ್ವಾ?

ಅದೇ ಸುತ್ತೋಲೆಯಲ್ಲಿ ಇದನ್ನೂ ಸೇರಿಸಿ. ಒಳ್ಳೆಯ ಶಿಬಿರಗಳಲ್ಲಿ ಹಲವು ತಾವೇ ಶುಲ್ಕ ಬಿಡುತ್ತವೆ. ಆದರೆ ಅರ್ಜಿ ಹಾಕುವಾಗಲೇ ಕೇಳಬೇಕು. 'ಆರ್ಥಿಕ ನೆರವು ಬೇಕೇ?' ಅನ್ನುವ ಪ್ರಶ್ನೆಗೆ ನನ್ನ ವಿದ್ಯಾರ್ಥಿನಿ 'ಬೇಡ' ಅಂತ ಗುರುತು ಹಾಕಿದ್ದಳು. ಬೇಕು ಅಂದರೆ ಸೀಟೇ ಕೊಡಲ್ಲ ಅಂತ ಹೆದರಿದ್ದಳಂತೆ. ಪಕ್ಕದಲ್ಲಿ ಕೂತಿದ್ದ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಆ ತಪ್ಪು ನನ್ನದು.

ಕೊನೆಗೆ ಹದಿಮೂರನೇ ದಿನ ನಮ್ಮ ಶಾಲೆಯ ಜವಾನರು ತಮ್ಮ ಉಳಿತಾಯದಿಂದ ಕೈಗಡ ಕೊಟ್ಟರು, ಮುಂಗಡ ಕಟ್ಟಿದೆವು. ಅವಳು ಹೋಗಿ ಬಂದಳು. ಬಿಲ್ಲುಗಳನ್ನೆಲ್ಲ ಲಗತ್ತಿಸಿ ನಿಮ್ಮ ಇಲಾಖೆಗೆ ಅರ್ಜಿ ಹಾಕಿ ಏಳು ತಿಂಗಳಾಯಿತು. ಜವಾನರು ಕೇಳುವುದಿಲ್ಲ. ನಾನು ಕಂಡರೆ ಬೇರೆ ಏನೋ ಮಾತು ತೆಗೆಯುತ್ತಾರೆ.

ಈ ವರ್ಷ ಇನ್ನೊಬ್ಬ ಹುಡುಗ ಅರ್ಜಿ ಹಾಕಿದ್ದಾನೆ. ಫಲಿತಾಂಶ ಮುಂದಿನ ತಿಂಗಳು. ಅವನ ಕೈಗೂ ಒಂದು ನೋಟ್‌ಬುಕ್ ಕೊಡಬೇಕೋ ಬೇಡವೋ, ಅಷ್ಟರೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗಣಿತದ ಮೇಷ್ಟ್ರು