ಚೀಟಿಯಲ್ಲಿ ಬಂದ ಭಾಷೆಗಳು: ಪೋಷಕರಿಗೆ ಪತ್ರ

ವಾಸ್ಕೋ, ಗೋವಾ

ಮಾನ್ಯ ಪೋಷಕರೇ,

ಕಳೆದ ವಾರ ಏಳನೆಯ ಮತ್ತು ಎಂಟನೆಯ ತರಗತಿಯ ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟು, ‘ನಿನಗೆ ಎಲ್ಲಕ್ಕಿಂತ ಹೆಚ್ಚಾಗಿ ಕಲಿಯಬೇಕೆನಿಸುವ ವಿದೇಶಿ ಭಾಷೆ ಯಾವುದು, ಏಕೆ?’ ಎಂದು ಬರೆಸಿದ್ದೆವು. ಅದೇ ಸಂಜೆ ನಿಮ್ಮಲ್ಲಿ ನಾಲ್ಕೈದು ಜನ ನನ್ನನ್ನು ಗೇಟಿನಲ್ಲೇ ತಡೆದಿರಿ. ‘ಮೇಡಂ, ಇಂಗ್ಲಿಷೇ ಇನ್ನೂ ನೆಟ್ಟಗೆ ಬರುವುದಿಲ್ಲ, ಅದರ ಮೇಲೆ ಇದೇನು ಹೊಸ ಹೊರೆ?’ ಎಂದು ಒಬ್ಬರು ಕೇಳಿದರು. ಅವರ ಹಿಂದೆಯೇ ನಿಂತಿದ್ದವರು, ‘ಪೋರ್ಚುಗೀಸ್ ಒಂದು ಕಲಿಸಿಬಿಡಿ, ಪಾಸ್‌ಪೋರ್ಟ್ ಸಿಗುತ್ತದಂತೆ’ ಎಂದರು. ಎರಡಕ್ಕೂ ಗೇಟಿನಲ್ಲಿ ನಿಂತು ಉತ್ತರ ಹೇಳಲಾಗುತ್ತಿರಲಿಲ್ಲ. ಕದಂಬ ಬಸ್ಸು ಬೇರೆ ಹಿಂದಿನಿಂದ ಹಾರ್ನ್ ಹೊಡೆಯುತ್ತಿತ್ತು. ಹೀಗಾಗಿ ಈ ಪತ್ರ.

ಮೊದಲು ಚೀಟಿಗಳ ಸಂಗತಿ ಹೇಳುತ್ತೇನೆ. ಅತಿ ಹೆಚ್ಚು ಮಕ್ಕಳು ಬರೆದದ್ದು ಕೊರಿಯನ್. ಕಾರಣ ನಿಮ್ಮ ಮೊಬೈಲ್‌ನಲ್ಲೇ ಇದೆ. ರಾತ್ರಿ ನೀವು ಮಲಗಿದ ಮೇಲೆ ಅವರು ಏನು ನೋಡುತ್ತಾರೆಂದು ವಿಚಾರಿಸಿ. ನಾನು ಬೈಯಲು ಸಿದ್ಧಳಾಗಿಯೇ ತರಗತಿಗೆ ಹೋಗಿದ್ದೆ. ಆದರೆ ಒಬ್ಬ ಹುಡುಗಿ ಎದ್ದು, ‘ಅವರೂ ಅಪ್ಪನಿಗೆ ಅಪ್ಪ ಅಂತಲೇ ಕರೆಯುತ್ತಾರೆ ಮೇಡಂ, ಅಮ್ಮನಿಗೆ ಒಮ್ಮ ಅನ್ನುತ್ತಾರೆ. ಮಾತಿನ ಕೊನೆಗೇ ಕ್ರಿಯಾಪದ ಬರುತ್ತದೆ, ನಮ್ಮ ಹಾಗೆ’ ಎಂದಳು. ಅಪ್ಪ, ಅಮ್ಮ ಹೊಂದಿಕೊಂಡದ್ದು ಕಾಕತಾಳೀಯ ಇರಬಹುದು. ಎರಡನೆಯ ಮಾತು ಮಾತ್ರ ಅಪ್ಪಟ ವ್ಯಾಕರಣ. ‘ನಾನು ಅನ್ನವನ್ನು ತಿನ್ನುತ್ತೇನೆ’ ಎಂಬ ಕ್ರಮದಲ್ಲೇ ಕೊರಿಯನ್ನರೂ ಹೇಳುತ್ತಾರೆ. ಪ್ರತ್ಯಯವನ್ನು ನಾಮಪದದ ಬೆನ್ನಿಗೆ ಅಂಟಿಸುತ್ತಾರೆ. ಹಿರಿಯರಿಗೆ ಬೇರೆ ಕ್ರಿಯಾರೂಪ, ಕಿರಿಯರಿಗೆ ಬೇರೆ. ವ್ಯಾಕರಣದ ಪಾಠದಲ್ಲಿ ಆಕಳಿಸುವ ಈ ಹುಡುಗಿ ಯಾರೂ ಹೇಳಿಕೊಡದೆ ಇದನ್ನು ಕಂಡುಕೊಂಡಿದ್ದಾಳೆ. ಆ ಭಾಷೆಯ ಲಿಪಿಯನ್ನು 1446ರಲ್ಲಿ ಸೆಜೋಂಗ್ ಎಂಬ ಅರಸ ಜಾರಿಗೆ ತಂದ. ಈಗ ಮೂಲಾಕ್ಷರಗಳು 24. ಅವುಗಳನ್ನು ಒಂದರ ಪಕ್ಕ, ಒಂದರ ಕೆಳಗೆ ಜೋಡಿಸಿ ಒಂದೊಂದು ಉಚ್ಚಾರಾಂಶಕ್ಕೆ ಒಂದೊಂದು ಕಟ್ಟು ಮಾಡುತ್ತಾರೆ. ಒತ್ತಕ್ಷರ ಬರೆದು ಪಳಗಿದ ಕೈಗೆ ಇದು ಎರಡು ವಾರದ ಕೆಲಸ. ಆ ಹುಡುಗಿ ನನ್ನ ಹೆಸರನ್ನು ಅದರಲ್ಲಿ ಬರೆದು ಕೊಟ್ಟಳು. ಈಗ ನನ್ನ ಮೇಜಿನ ಗಾಜಿನ ಕೆಳಗೆ ಇದೆ.

ಅರಬ್ಬಿ ಬರೆದವರಿಗೆಲ್ಲ ಗಲ್ಫ್‌ನಲ್ಲಿ ಮಾವನೋ ಚಿಕ್ಕಪ್ಪನೋ ಇದ್ದಾರೆ. ಜರ್ಮನ್ ಮತ್ತು ಫ್ರೆಂಚ್ ಬರೆದವರ ಚೀಟಿಗಳಲ್ಲಿ ಒಂದೇ ವಾಕ್ಯ: ‘ಒಳ್ಳೆಯ ಕೆಲಸ ಸಿಗುತ್ತದೆ.’ ಅಕ್ಷರ ಮಕ್ಕಳದು, ಮಾತು ಯಾರದೆಂದು ನನಗೆ ಗೊತ್ತು.

ರಷ್ಯನ್ ಎಂದು ಬರೆದ ಹುಡುಗನ ಕಾರಣವನ್ನು ಸಹೋದ್ಯೋಗಿಗಳಿಗೆಲ್ಲ ಓದಿ ಹೇಳಿದೆ. ಅವನ ತಂದೆ ಟ್ಯಾಕ್ಸಿ ಓಡಿಸುತ್ತಾರೆ. ಚಳಿಗಾಲದಲ್ಲಿ ಮೊರ್ಜಿಂ ಕಡೆಗೆ ಹೋಗುವ ರಷ್ಯದ ಪ್ರವಾಸಿಗರೇ ಹೆಚ್ಚಿನ ಗಿರಾಕಿಗಳು. ‘ಅಪ್ಪನಿಗೆ ರೇಟು ಹೇಳಲು ಬರುತ್ತದೆ, ಅವರು ಚೌಕಾಶಿ ಮಾಡಿದರೆ ತಿರುಗಿ ಹೇಳಲು ಬರುವುದಿಲ್ಲ. ಅದಕ್ಕೆ.’ ಇಷ್ಟೇ ಚೀಟಿ. ಯಾರೊಡನೆ ಮಾತನಾಡಬೇಕು, ಏನು ಹೇಳಬೇಕು ಎಂಬುದು ಅವನಿಗೆ ಸ್ಪಷ್ಟವಾಗಿದೆ. ಭಾಷೆ ಕಲಿಯುವವನಿಗೆ ಮೊದಲು ಬೇಕಾದದ್ದು ಎದುರಿಗೆ ಉತ್ತರ ಕೊಡುವ ಒಬ್ಬ ಮನುಷ್ಯ. ಪುಸ್ತಕ, ತರಗತಿ, ಪ್ರಮಾಣಪತ್ರ ಎಲ್ಲ ಆಮೇಲಿನವು. ಆ ಮನುಷ್ಯನಿಲ್ಲದೆ ಕಲಿತ ಫ್ರೆಂಚ್ ಪರೀಕ್ಷೆಯ ಮರುದಿನವೇ ಆವಿಯಾಗುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಇನ್ನೊಂದು ಚೀಟಿ ನನ್ನನ್ನು ಎರಡು ದಿನ ಕಾಡಿತು. ಅದರಲ್ಲಿ ‘ಕೊಂಕಣಿ’ ಎಂದು ಬರೆದಿತ್ತು. ಝುವಾರಿನಗರದಿಂದ ಬರುವ ಹುಡುಗಿ, ಹುಟ್ಟಿದ್ದೂ ಗೋವಾದಲ್ಲೇ. ಕರೆದು, ‘ಕೊಂಕಣಿ ವಿದೇಶಿ ಭಾಷೆ ಅಲ್ಲ, ಮಗು. 1987ರಿಂದ ಈ ರಾಜ್ಯದ ರಾಜಭಾಷೆ ಅದು’ ಎಂದೆ. ಅವಳು ಉಗುರು ಕಚ್ಚುತ್ತ ಸ್ವಲ್ಪ ಹೊತ್ತು ನಿಂತು, ‘ನಮಗೆ ವಿದೇಶಿಯೇ ಮೇಡಂ. ಅಂಗಡಿಯವರು ಬೇರೆಯವರ ಜೊತೆ ಕೊಂಕಣಿ ಮಾತನಾಡುತ್ತಾರೆ. ನನ್ನ ಮುಖ ನೋಡಿದ ಕೂಡಲೇ ಹಿಂದಿಗೆ ಬರುತ್ತಾರೆ’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ತಪ್ಪು ಅಂಗಡಿಯವರದು ಮಾತ್ರ ಎನ್ನಲಾರೆ. ಮೂವತ್ತು ವರ್ಷ ಇಲ್ಲೇ ದುಡಿದು, ‘ಕಿತೆಂ’ (ಏನು), ‘ಬರೆಂ’ (ಒಳ್ಳೆಯದು) ಎಂಬವುಗಳಾಚೆ ಒಂದು ಕೊಂಕಣಿ ವಾಕ್ಯ ಕಲಿಯದ ನಮ್ಮ ಪಾಲೂ ಇದೆ, ನನ್ನದೂ ಸೇರಿ.

ಇದರಲ್ಲೊಂದು ವಿಚಿತ್ರವಿದೆ. ಪೋರ್ಚುಗೀಸರು ಗೋವಾದ ಕೊಂಕಣಿಯನ್ನು ಕರೆಯುತ್ತಿದ್ದದ್ದು ‘ಕಾನಾರಿಂ’ ಭಾಷೆ ಎಂದು, ಅಂದರೆ ಕನ್ನಡದ, ಕೆನರಾದ ಹೆಸರಿನಿಂದ! 1579ರಲ್ಲಿ ಗೋವಾಕ್ಕೆ ಬಂದ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ ಕೊಂಕಣಿ ಕಲಿತು ಅದಕ್ಕೊಂದು ವ್ಯಾಕರಣ ಬರೆದ. ಅವನು ತೀರಿಕೊಂಡ ಮೇಲೆ, 1640ರಲ್ಲಿ, ಗೋವಾದ ರಾಚೋಲ್‌ನಲ್ಲಿ ಅಚ್ಚಾದ ಆ ಪುಸ್ತಕದ ಹೆಸರಿನಲ್ಲೂ ಇದೇ ‘ಕಾನಾರಿಂ’ ಇದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಹಡಗಿನಲ್ಲಿ ಬಂದವನಿಗೆ ಸಾಧ್ಯವಾದದ್ದು ಬಾಗಲಕೋಟೆಯಿಂದ ಬಸ್ಸಿನಲ್ಲಿ ಬಂದ ನಮಗೆ ಸಾಧ್ಯವಾಗಲಿಲ್ಲವಲ್ಲ.

ಈಗ ಗೇಟಿನ ಪ್ರಶ್ನೆಗಳು. ಇಂಗ್ಲಿಷ್ ಬರುವುದಿಲ್ಲ ಎಂಬ ದೂರು ನಿಜ. ಆದರೆ ಅದಕ್ಕೆ ಕಾರಣ ಮಕ್ಕಳ ತಲೆಯಲ್ಲಿ ಜಾಗ ಸಾಲದೆ ಹೋದದ್ದಲ್ಲ. ನಾವು ಕಪ್ಪು ಹಲಗೆಯ ಮೇಲೆ ಪ್ರಶ್ನೋತ್ತರ ಬರೆದು ನಕಲು ಮಾಡಿಸುತ್ತೇವೆ, ಬಾಯಿ ತೆರೆಸುವುದಿಲ್ಲ. ಅದು ಶಾಲೆಯ ದೋಷ, ಒಪ್ಪಿಕೊಳ್ಳುತ್ತೇನೆ. ಇದೇ ಮಕ್ಕಳು ಮನೆಯಲ್ಲಿ ಅವ್ವನೊಡನೆ ಬಿಜಾಪುರದ ಕನ್ನಡ, ರಸ್ತೆಯಲ್ಲಿ ಹಿಂದಿ, ಟಿವಿಯ ಮುಂದೆ ಮರಾಠಿ ಎಂದು ದಿನಕ್ಕೆ ಹತ್ತು ಬಾರಿ ಬದಲಿಸುತ್ತಾರೆ. ಮೊನ್ನೆ ನಮ್ಮ ಐದನೆಯ ತರಗತಿಯ ಪೋರಿಯೊಬ್ಬಳು ಪಾವ್ ತರಲು ಬಂದವಳು ಬೇಕರಿಯವನೊಡನೆ ಹಿಂದಿಯಲ್ಲಿ ಚಿಲ್ಲರೆಗಾಗಿ ವಾದಿಸಿ, ನನ್ನನ್ನು ಕಂಡು ಕನ್ನಡದಲ್ಲಿ ನಮಸ್ಕಾರ ಹೇಳಿ, ಹೊರಗೆ ಗೆಳತಿಗೆ ಮರಾಠಿಯಲ್ಲಿ ‘ಥಾಂಬ್’ (ನಿಲ್ಲು) ಎಂದು ಕೂಗಿದಳು. ಒಂದು ನಿಮಿಷವೂ ಆಗಿರಲಿಲ್ಲ. ಭಾಷೆ ಗೋಣಿಚೀಲದ ಜೋಳವಲ್ಲ, ಒಂದು ತುಂಬಿದರೆ ಇನ್ನೊಂದಕ್ಕೆ ಜಾಗವಿಲ್ಲ ಎನ್ನಲು.

ಪಾಸ್‌ಪೋರ್ಟಿನ ವಿಷಯದಲ್ಲಿ ಕಟ್ಟುನಿಟ್ಟಾಗಿ ಹೇಳುತ್ತೇನೆ, ಏಕೆಂದರೆ ಇದರ ಹೆಸರಿನಲ್ಲಿ ಹಣ ಕೇಳುವವರು ನಮ್ಮ ಬೀದಿಗಳಲ್ಲೂ ಸುಳಿಯುತ್ತಿದ್ದಾರೆ. 1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಳ್ವಿಕೆಯಿಂದ ಗೋವಾ ವಿಮೋಚನೆಯಾಯಿತು. ಅದಕ್ಕೆ ಮುಂಚೆ ಇಲ್ಲಿ ಹುಟ್ಟಿದವರು ಮತ್ತು ಅವರ ಸಂತತಿಯವರು ಆ ಜನನವನ್ನು ಪೋರ್ಚುಗಲ್‌ನಲ್ಲಿ ದಾಖಲಿಸಿ ಅಲ್ಲಿನ ಪೌರತ್ವ ಪಡೆಯುವ ದಾರಿ ಇದೆ. ಅದು ಅಜ್ಜ ಅಜ್ಜಿಯ ಜನನದ ದಾಖಲೆಯಿಂದ ಬರುವುದು, ಭಾಷೆಯ ಪ್ರಮಾಣಪತ್ರದಿಂದ ಅಲ್ಲ. ಹುನಗುಂದದಲ್ಲೋ ರೋಣದಲ್ಲೋ ಹುಟ್ಟಿದ ಅಜ್ಜನ ಮೊಮ್ಮಗ ಎಷ್ಟೇ ಚೆನ್ನಾಗಿ ಪೋರ್ಚುಗೀಸ್ ಮಾತನಾಡಿದರೂ ಈ ದಾರಿ ಅವನಿಗೆ ತೆರೆಯುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ಉಳಿಯುವುದೂ ಇಲ್ಲ. ದಯವಿಟ್ಟು ಯಾರಿಗೂ ಮುಂಗಡ ಕೊಡಬೇಡಿ.

ಇಷ್ಟು ಹೇಳಿದ ಮೇಲೂ ನಾವು ಕಲಿಸಲು ಆರಿಸಿಕೊಂಡದ್ದು ಪೋರ್ಚುಗೀಸನ್ನೇ. ಚೀಟಿಗಳಲ್ಲಿ ಅದಕ್ಕೆ ಮೂರನೆಯ ಸ್ಥಾನ. ಚೀಟಿ ಬರೆಯುವ ಸರದಿ ನನ್ನದಾಗಿದ್ದರೆ ನಾನೂ ಅದನ್ನೇ ಬರೆಯುತ್ತಿದ್ದೆ. ನಮ್ಮ ಮನೆಯ ಮಾಲಕಿ ಒಮ್ಮೆ ತನ್ನ ತವರಿನ ಆಸ್ತಿಪತ್ರವನ್ನು ನನ್ನ ಮುಂದೆ ಹರಡಿ, ‘ನೀನು ಟೀಚರ್ ಅಲ್ಲವೇ, ಇದರಲ್ಲಿ ನನ್ನ ಹೆಸರು ಎಲ್ಲಿದೆ ತೋರಿಸು’ ಎಂದರು. ಹೆಸರನ್ನೇನೋ ತೋರಿಸಿದೆ, ಅದರ ಹಿಂದೆ ಮುಂದೆ ಏನಿದೆ ಎಂದು ಒಂದಕ್ಷರ ತಿಳಿಯಲಿಲ್ಲ. ಗೋವಾದ ಹಳೆಯ ಭೂದಾಖಲೆಗಳು ಪೋರ್ಚುಗೀಸಿನಲ್ಲಿವೆ. ಮದುವೆ, ಆಸ್ತಿ ಹಂಚಿಕೆಯ ಕಾನೂನಿನ ಬುಡದಲ್ಲಿ ಇಂದಿಗೂ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆ ಇದೆ. ಇವುಗಳನ್ನು ಓದಬಲ್ಲವರು ಮುದುಕರಾಗುತ್ತಿದ್ದಾರೆ. ಇದು ನೌಕರಿಯ ಭರವಸೆ ಎಂದು ತಿಳಿಯಬೇಡಿ, ನನ್ನ ಆಸೆಯ ಕಾರಣ ಹೇಳಿದೆ ಅಷ್ಟೇ. ಹೊರಗೂ ಆ ಭಾಷೆಗೆ ಜನ ಕಡಿಮೆಯಿಲ್ಲ: ಪೋರ್ಚುಗಲ್‌ಗಿಂತ ಎಷ್ಟೋ ದೊಡ್ಡದಾದ ಬ್ರೆಜಿಲ್ ಇದೆ, ಅಂಗೋಲಾ, ಮೊಜಾಂಬಿಕ್ ಇವೆ.

ಪರೀಕ್ಷಾರ್ಥವಾಗಿ ಒಂದು ತರಗತಿ ನಡೆಸಿ ನೋಡಿದೆವು. ಹಲಗೆಯ ಮೇಲೆ ‘ಪಗಾರ’ ಎಂದು ಬರೆದು, ಇದು ಯಾವ ಭಾಷೆ ಎಂದು ಕೇಳಿದೆ. ‘ಕನ್ನಡ’ ಎಂದು ಕೆಲವರು, ‘ಮರಾಠಿ’ ಎಂದು ಕೆಲವರು. ಪಗಾರ್ ಎಂದರೆ ಪೋರ್ಚುಗೀಸಿನಲ್ಲಿ ‘ಹಣ ಸಲ್ಲಿಸು’ ಎಂದಾಗ ಹಿಂದಿನ ಬೆಂಚಿನವನೊಬ್ಬ, ‘ಅಂದರೆ ನಮ್ಮಪ್ಪ ಪ್ರತಿ ತಿಂಗಳೂ ಪೋರ್ಚುಗೀಸ್ ಕೇಳುತ್ತಾರೆ’ ಎಂದ. ಚಾವಿ, ಪಾವ್, ಪಾದ್ರಿ, ಮೇಸ್ತ್ರಿ, ನೀವು ಹುಬ್ಬಳ್ಳಿ ಕಡೆ ಹೇಳುವ ಬಟಾಟಿ, ಎಲ್ಲವೂ ಅದೇ ಹಡಗಿನ ಸಾಮಾನು. ಮೆಣಸಿನಕಾಯಿಯನ್ನು ಅಮೆರಿಕದ ಕಡೆಯಿಂದ ಇಲ್ಲಿಗೆ ತಂದವರೂ ಅವರೇ. ಬ್ಯಾಡಗಿ ಕಡೆಯವರು ಬೇಸರ ಮಾಡಿಕೊಳ್ಳಬಾರದು.

ಮಕ್ಕಳಿಗೆ ಅತ್ಯಂತ ಹಿಡಿಸಿದ್ದು ವಾರದ ಹೆಸರುಗಳು. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿ ಗ್ರಹಗಳಿಲ್ಲ, ಬರೀ ಎಣಿಕೆ: ಸೋಮವಾರ ‘ಸೆಗುಂದ ಫೈರ’, ಎರಡನೆಯದು, ಶುಕ್ರವಾರ ‘ಸೆಶ್ತ ಫೈರ’, ಆರನೆಯದು. ಫೈರ ಎಂದರೆ ಇಂದಿನ ಬಳಕೆಯಲ್ಲಿ ಸಂತೆ. ಮಾಪುಸಾದ ಶುಕ್ರವಾರದ ಸಂತೆಗೆ ಹೋಗಿ ಬಂದವರಿಗೆ ಈ ಹೆಸರನ್ನು ಕಂಠಪಾಠ ಮಾಡಿಸಬೇಕಾಗಲಿಲ್ಲ. ಕ್ರಿಯಾಪದವೂ ನಮಗೆ ಅನುಕೂಲಕರ. ‘ಮಾತನಾಡುತ್ತೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ, ಅಲ್ಲವೇ? ಅಲ್ಲೂ ಹಾಗೆಯೇ: ‘ಫಾಲು’ ಎಂದರೆ ಮಾತನಾಡುತ್ತೇನೆ, ‘ಫಲಾಮುಶ್’ ಎಂದರೆ ಮಾತನಾಡುತ್ತೇವೆ. ಇಂಗ್ಲಿಷಿನಲ್ಲಿ ಕರ್ತೃಪದ ಮರೆತು ಪೆಟ್ಟು ತಿನ್ನುವ ಮಕ್ಕಳು ಇಲ್ಲಿ ನಿರಾಳವಾದರು. ಧನ್ಯವಾದ ಹೇಳುವಾಗ ಹುಡುಗ ‘ಓಬ್ರಿಗಾದು’ ಎನ್ನಬೇಕು, ಹುಡುಗಿ ‘ಓಬ್ರಿಗಾದ’ ಎನ್ನಬೇಕು. ಆ ಸಂಜೆಯೆಲ್ಲ ಬೇಕೆಂದೇ ತಿರುಗಾಮುರುಗಾ ಹೇಳಿ ನಕ್ಕರು.

ವ್ಯವಸ್ಥೆ ಹೀಗಿದೆ. ನಮ್ಮ ಶಾಲೆಯ ಹಿಂದಿನ ಬೀದಿಯಲ್ಲಿರುವ ನಿವೃತ್ತ ಶಿಕ್ಷಕಿಯೊಬ್ಬರು, ಬಾಲ್ಯದಲ್ಲಿ ಪೋರ್ಚುಗೀಸ್ ಶಾಲೆಯಲ್ಲಿ ಓದಿದವರು, ಪ್ರತಿ ಶನಿವಾರ ಬೆಳಿಗ್ಗೆ 11ಕ್ಕೆ ಬರಲು ಒಪ್ಪಿದ್ದಾರೆ. ಶುಲ್ಕವಿಲ್ಲ, ಪರೀಕ್ಷೆಯಿಲ್ಲ, ಅಂಕಪಟ್ಟಿಯಲ್ಲಿ ಸೇರುವುದಿಲ್ಲ. ಆದರೆ ನನ್ನದೊಂದು ಷರತ್ತು. ಮೊದಲ ಅರ್ಧ ಗಂಟೆ ಅವರು ಕೊಂಕಣಿಯಲ್ಲಿ ಮಾತನಾಡಿಸುತ್ತಾರೆ, ಪೋರ್ಚುಗೀಸ್ ಆಮೇಲೆ. ಕೊಂಕಣಿಯ ಅರ್ಧ ಗಂಟೆಗೆ ತಪ್ಪಿಸಿಕೊಂಡವರಿಗೆ ಎರಡನೆಯದಕ್ಕೆ ಪ್ರವೇಶವಿಲ್ಲ. ಆ ಅರ್ಧ ಗಂಟೆಗೆ ಪೋಷಕರೂ ಬಂದು ಹಿಂದಿನ ಬೆಂಚಿನಲ್ಲಿ ಕೂರಬಹುದು. ಅಲ್ಲಿ ನಾನೂ ಇರುತ್ತೇನೆ. ಕೊರಿಯನ್ ಬಯಸಿದವರಿಗೆ ಶಿಕ್ಷಕರಿಲ್ಲ. ಅಕ್ಷರಮಾಲೆಯನ್ನು ಆ ಹುಡುಗಿಯೇ ಹೇಳಿಕೊಡುವುದಾಗಿ ಹೇಳಿದ್ದಾಳೆ, ಬುಧವಾರ ಊಟದ ಬಿಡುವಿನಲ್ಲಿ.

ಈ ಪತ್ರದ ಹಿಂಬದಿಯನ್ನು ಖಾಲಿ ಬಿಟ್ಟಿದ್ದೇವೆ. ಮಗುವನ್ನು ಕಳುಹಿಸುವ ಒಪ್ಪಿಗೆಯ ಜೊತೆಗೆ, ನಿಮಗೆ ಕಲಿಯಬೇಕೆನಿಸುವ ಭಾಷೆ ಯಾವುದು, ಏಕೆ ಎಂದು ನೀವೂ ಎರಡು ಸಾಲು ಬರೆಯಿರಿ. ಬರೆಯಲು ಬಾರದವರು ಮಗುವಿಗೆ ಹೇಳಿ ಬರೆಸಿರಿ. ಗುರುವಾರದೊಳಗೆ ತರಗತಿ ಶಿಕ್ಷಕರ ಕೈಸೇರಲಿ.

ಇತಿ,
ಮುಖ್ಯೋಪಾಧ್ಯಾಯಿನಿ